ಅಯ್ ಅಂದರೆ ಹೌದು

ಮಂಗಳವಾರ. ಗ್ಲಾಸ್ಗೋದ ಗ್ರಂಥಾಲಯದ ಮೇಲ್ಮಹಡಿ.
ಹೀಟರಿನ ಮೇಲೆ ಹನ್ನೊಂದು ಜೊತೆ ಕೈಗವಸು
ಹಬೆಯಾಡುತ್ತ ಒಣಗುತ್ತಿವೆ.
ಐವತ್ತಮೂರರ ನಾನು, ಲೆತೆಬ್ರಹಾನ್,
ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು
ಬಿ-ಯ ಹೊಟ್ಟೆ ಯಾವ ಕಡೆ, ಡಿ-ಯ ಹೊಟ್ಟೆ ಯಾವ ಕಡೆ
ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತೇನೆ.
ನಾಲ್ಕು ಹೆತ್ತವಳಿಗೂ ಹೊಟ್ಟೆಯ ದಿಕ್ಕು ತಪ್ಪುತ್ತದೆ!

ನಮ್ಮಲ್ಲಿ ಹೀಗಲ್ಲ.
ಒಂದೊಂದು ಅಕ್ಷರಕ್ಕೂ ಏಳು ನಡೆ.
ನನ್ನ ಹೆಸರಿನ ಮೊದಲಕ್ಷರವನ್ನೇ ತಗೊಳ್ಳಿ:
ಲೆ ಲು ಲಿ ಲಾ ಲೇ ಲ್ ಲೊ.
ಕಾಲು ಚಾಚಿದರೆ ಒಂದು, ಉಂಗುರ ತೊಟ್ಟರೆ ಇನ್ನೊಂದು,
ಆದರೂ ಬರೆದಂತೆ ಓದು, ಓದಿದಂತೆ ಬರೆ.
ಕೆರೆನ್‌ನ ಚರ್ಚಿನ ಅಂಗಳದಲ್ಲಿ ಮುದಿ ಪಾದ್ರಿ
ಬಿಸಿಲಿಗೆ ಬೆನ್ನು ಕೊಟ್ಟು ಕಲಿಸಿದ್ದು;
ಬೈಗುಳವನ್ನೂ ಒಂದು ತಪ್ಪಿಲ್ಲದೆ ಬರೆಯಬಲ್ಲೆ.

ಇಲ್ಲಿ ಫರ್ಗಸ್ ಮೇಷ್ಟರು.
ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವರು,
ಸುತ್ತಿಗೆಯ ಸದ್ದಿಗೆ ಎಡಗಿವಿಯನ್ನು ಕೊಟ್ಟವರು.
ಚಾಕು ಬರೆದರು. ಮೊಣಕಾಲು ಬರೆದರು. ಗಂಟು ಬರೆದರು.
ಮೂರರ ಮುಂದೂ ಒಂದೊಂದು ಕೆ.
ಅದನ್ನು ಅನ್ನಬೇಡಿ, ಎಂದರು.
ಹಾಗಾದರೆ ಅಳಿಸಲೇ?
ಛೆ, ಅಳಿಸಲೂ ಬೇಡಿ. ಅಳಿಸಿದರೆ ತಪ್ಪು.
ಪಕ್ಕದಿಂದ ಸುಡಾನಿನ ಯಾಗೂಬ್ ಅರಬಿಯಲ್ಲಿ ಪಿಸುಗುಟ್ಟಿದ:
ಸಂಬಳವಿಲ್ಲದ ಕಾವಲುಗಾರ!
ನಾನು ನಕ್ಕೆ. ನಾನು ನಕ್ಕಿದ್ದಕ್ಕೆ
ಅರಬಿ ಬಾರದ ಅಲ್ಬೇನಿಯಾದ ದ್ರಿತಾ ನಕ್ಕಳು.

ಬಸ್ಸಿನದು ಬೇರೆಯೇ ಕಥೆ.
ಮೊದಲ ಚಳಿಗಾಲ. ಒಂದೇ ವಾಕ್ಯವನ್ನು ರಾತ್ರಿಯೆಲ್ಲ
ಉರುಹೊಡೆದು, ಬಾಯಲ್ಲಿ ನೀರು ತುಂಬಿಕೊಂಡವಳ ಹಾಗೆ
ಚೆಲ್ಲದಂತೆ ಹೊತ್ತು ಹತ್ತಿದ್ದೆ:
ಈ ಬಸ್ಸು ಆಸ್ಪತ್ರೆಗೆ ಹೋಗುತ್ತದೆಯೇ?
ಚಾಲಕ ಅಂದ: ಅಯ್.

ಅಲ್ಲ, ಇಲ್ಲ, ಒಲ್ಲೆ, ಬಾರೆ, ಅರಿಯೆ,
ಯಾವುದನ್ನೇ ಅನ್ನಲಿ, ನಮ್ಮ ಮಾತಿನ ತಲೆಬಾಗಿಲಲ್ಲಿ
ಅಡ್ಡ ನಿಲ್ಲುವುದು ಇದೇ ಅಯ್.
ಅಯ್ಕೊನೆನ್: ಅಲ್ಲ.
ಥ್ಯಾಂಕ್ಯೂ ಅಂದೆ, ಇಳಿದೆ.
ಎರಡನೆಯ ಬಸ್ಸು. ಅಯ್. ಇಳಿದೆ.
ಮೂರನೆಯವಳು ಹೆಂಗಸು, ಚಿನ್ನ ಎಂದೇನೋ ಕರೆದು,
ಅಯ್ ಅಯ್ ಎಂದು ಎರಡು ಸಲ ಅಂದಳು.
ಇಷ್ಟು ಪ್ರೀತಿಯಿಂದ ಇಲ್ಲವೆನ್ನುವ ಊರು
ನಾನೆಲ್ಲೂ ಕಂಡಿರಲಿಲ್ಲ.
ಐದು ಮೈಲಿ ನಡೆದೆ ಆಲಿಕಲ್ಲಿನಲ್ಲಿ.
ಹೌದು ಎಂದ ಬಸ್ಸುಗಳೆಲ್ಲ ಒಂದೊಂದಾಗಿ
ಕೆಸರು ಚಿಮ್ಮಿಸುತ್ತ ನನ್ನನ್ನು ದಾಟಿ ಹೋದವು.

ಹೋದ ವಾರ ಮನೆಮಂದಿಯ ಪಾಠ.
ಮಕ್ಕಳ ಹೆಸರು ಬರೆಯಿರಿ, ಎದ್ದು ನಿಂತು ಓದಿ.
ಬರೆದೆ, ಗೆರೆಗೆ ತಾಗಿಸಿ, ಮೊದಲಕ್ಷರ ದೊಡ್ಡದಾಗಿ.
ಫ್ರೆವೈನಿ, ಓದಿದೆ.
ಎರಡನೆಯ ಗೆರೆಯ ಮೇಲೆ ಬೆರಳು ಇಟ್ಟುಕೊಂಡೇ
ಸೆನೈತ್, ಓದಿದೆ. ಹಬ್ತೊಮ್, ಓದಿದೆ.
ಕೂತೆ.
ಫರ್ಗಸ್ ಬಗ್ಗಿ ನನ್ನ ಪುಸ್ತಕ ನೋಡಿದರು,
ನಾಲ್ಕು ಗೆರೆ ಎಣಿಸಿದ್ದು ಅವರ ಕಣ್ಣಲ್ಲಿ ಕಂಡಿತು.
ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.
ಕೇಳಿಸದ ಕಿವಿಯನ್ನು ನನ್ನ ಕಡೆ ತಿರುಗಿಸಿ
ಮುಂದಿನವರು, ಎಂದರು.

ಇವತ್ತು ತರಗತಿ ಮುಗಿಸಿ ಬಸ್ಸು ಹತ್ತಿದೆ.
ಬಾಗಿಲ ಬಳಿಯ ಸೀಟು, ಹೊಸ ಕೋಟು, ಅದರ ಬೆಲೆಚೀಟಿ ಇನ್ನೂ ನೇತಾಡುತ್ತಿದೆ,
ಕೋಟಿನ ಮೇಲೆ ನಮ್ಮೂರ ಬಿಳಿ ಮೇಲ್ಹೊದಿಕೆ,
ಮಡಿಲಲ್ಲಿ ಜ್ವರದ ಕೂಸು.
ನನ್ನ ಮುಖ ನೋಡದೆಯೇ, ಚೀಟಿ ನೋಡಿ,
ಒಂದೊಂದೇ ಪದ ಎತ್ತಿಟ್ಟಳು:
ಈ ಬಸ್ಸು. ಆಸ್ಪತ್ರೆಗೆ. ಹೋಗುತ್ತದೆಯೇ?

ಬಾಯಿ ತೆರೆದೆ.
ನಮ್ಮ ಹೌದು ಬರಬೇಕಿತ್ತು, ಇಲ್ಲವೇ ಪುಸ್ತಕದ ಯೆಸ್.
ಬಂದದ್ದು ಅಯ್.

ಅವಳು ಕೂಸನ್ನು ಎತ್ತಿಕೊಂಡು ಎದ್ದಳು.
ಕೋಟಿನ ತೋಳು ಹಿಡಿದೆ,
ಕೂರು, ಅಂದೆ ನಮ್ಮ ಮಾತಲ್ಲಿ,
ಕೂರೇ.